ಹಲಸಿಗೆ ಹೇಳಬೇಕಾದ ಮಾತು

ಯಳಂದೂರಿನಿಂದ ಬೆಟ್ಟದ ಕಡೆಗೆ ಎರಡು ಗಂಟೆ ನಡೆದರೆ ಸಿಗುವ ನನ್ನ ಸೋದರಮಾವನ ಮನೆಯ ಬಾಗಿಲು ತೆಗೆಯುವುದಕ್ಕೆ ಒಂದು ಕ್ರಮವಿತ್ತು: ಮೊದಲು ತುಸು ಎತ್ತಬೇಕು, ಆಮೇಲೆ ನೂಕಬೇಕು. ಗೆದ್ದಲು ಹಿಡಿದು ಚೌಕಟ್ಟು ಕುಸಿದಿತ್ತು. ಸುತ್ತ ಕಾಫಿ ಗಿಡಗಳು, ಅವುಗಳ ನಡುನಡುವೆ ಮನೆಯವರೇ ನೆಟ್ಟು ಬೆಳೆಸಿದ ಹಲಸು, ಹೊನ್ನೆ, ತೇಗ. ಇಷ್ಟು ಮರಗಳ ಒಡೆಯನ ಬಾಗಿಲಿಗೇ ಮರವಿಲ್ಲವೆಂದರೆ ನಗು ಬರುವುದಿಲ್ಲವೇ, ನೀವೇ ಹೇಳಿ.

ಮರವಿಲ್ಲವೆಂದಲ್ಲ. ಅತ್ತೆ ಮದುವೆಯಾಗಿ ಬಂದ ವರ್ಷ ತಮ್ಮ ಕೈಯಾರೆ ನೆಟ್ಟ ಹಲಸು ಬಾಗಿಲಿಗೆಂದೇ ಬೆಳೆದು ನಿಂತಿತ್ತು. ಅತ್ತೆ ತೀರಿಕೊಂಡು ಮೂರು ವರ್ಷ. ಕಡಿಯುವ ಹಿಂದಿನ ಸಂಜೆ ಮರದ ಮುಂದೆ ನಿಂತು, ನಾಳೆ ಕಡಿಯುತ್ತೇವೆ, ನಿನ್ನಲ್ಲಿರುವ ಹಕ್ಕಿಗಳನ್ನು ಕಳಿಸಿಕೊಡು ಎಂದು ಬಾಯಿಬಿಟ್ಟು ತಿಳಿಸುವುದು ಆ ಮನೆಯ ಪದ್ಧತಿ. ಮೂರು ವರ್ಷದಿಂದ ಮಾವನ ಬಾಯಿಂದ ಆ ಮಾತು ಹೊರಟಿರಲಿಲ್ಲ.

ಕಾಲೇಜಿನ ಚರ್ಚಾಕೂಟಗಳಲ್ಲಿ ದೇವರನ್ನೇ ಸೋಲಿಸಿ ಬಂದಿದ್ದ ನಾನು ಸುಮ್ಮನಿರುವವನೇ?

"ಮರಕ್ಕೆ ಕಿವಿಯಿಲ್ಲ ಮಾವ, ಯಾರಿಗೆ ಹೇಳ್ತೀರಿ?"

"ಇಲ್ಲ ಅಂತ ನಂಗೂ ಗೊತ್ತು ಕಣ್ಲಾ. ನಂಗೈತಲ್ಲ ಕಿವಿ. ಕಡಿಯೋನ ಕಿವಿಗೆ ಬೀಳ್ಲಿ ಅಂತ್ಲೇ ಯೋಳೋದು."

ಮಾವ ನಕ್ಕರು. "ಮೈಸೂರಲ್ಲಿ ಅಷ್ಟು ಜನಕ್ಕೆ ಯೋಳೋನು, ಒಂದು ಮರಕ್ಕೆ ಯೋಳಕ್ಕಾಗಲ್ವಾ? ನೀನೇ ಓಗಿ ಯೋಳ್ಬುಟ್ಟು ಬಾ. ಬೆಳಿಗ್ಗೆ ಕೊಡಲಿ ಆಕುಸ್ತೀನಿ."

ಹೋದೆ. ಕಾಫಿ ಹೂವಿನ ಘಮದ ನಡುವೆ ಮನುಷ್ಯರ ಸದ್ದೇ ಇರಲಿಲ್ಲ. ಎದುರು ಪಕ್ಷವಿಲ್ಲದ, ತೀರ್ಪುಗಾರರಿಲ್ಲದ, ಚಪ್ಪಾಳೆಯಿಲ್ಲದ ಅಂಥ ಸಭೆಯಲ್ಲಿ ನಾನು ಎಂದೂ ನಿಂತಿರಲಿಲ್ಲ. ಕೇಳುವವನು ನಾನೊಬ್ಬನೇ ಆದಾಗ ಮಾತು ಎಷ್ಟು ಭಾರವೆಂದು ಅಂದೇ ತಿಳಿದದ್ದು. ಬಾಯಿ ತೆರೆದೆ, ದನಿ ಬರಲಿಲ್ಲ. ಹಿಂದಿರುಗಿದೆ.

"ಯೋಳ್ದಾ?"

"ಹೂಂ, ಹೇಳಿದೆ."

ಮರಕ್ಕೆ ಕೇಳಿಸದ ಮಾತನ್ನು ಆಡಿದರೇನು, ಬಿಟ್ಟರೇನು? ತರ್ಕವೇನೋ ಗಟ್ಟಿಯಾಗಿಯೇ ಇತ್ತು.

ಬೆಳಿಗ್ಗೆ ಇಬ್ಬರು ಆಳುಗಳು ಮರ ಉರುಳಿಸಿದರು. ಮಾವ ದಿಮ್ಮಿಯ ಮೇಲೆ ಕುಳಿತು ಅದರ ತೊಗಟೆ ಸವರಿದರು.

"ನೀನು ಯೋಳಿದ್ಕೆ ಸಲೀಸಾಗಿ ಬಿತ್ತು ನೋಡು, ಒಂದು ಕಾಫಿ ಗಿಡಾನೂ ಮುರೀಲಿಲ್ಲ. ನಾನೇ ಓಗಿದ್ರೆ ಅತ್ತುಬುಡ್ತಿದ್ದೆ ಕಣಪ್ಪ."

ಮಾವ ಒಳಗೆ ಹೋದ ಮೇಲೆ ಬಿದ್ದ ಕೊಂಬೆಗಳ ನಡುವೆ ಮಂಡಿಯೂರಿ, ಎಲೆಗಳನ್ನು ಸರಿಸಿ ಸರಿಸಿ ಗೂಡೇನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಆದರೂ ಬಿಸಿಲು ನೆತ್ತಿಗೇರುವವರೆಗೆ ಒಬ್ಬನೇ ಹುಡುಕುತ್ತಿದ್ದೆ.