ಈ ಕೋಣೆಯ ಮಾತು ಆ ಕೋಣೆಗೆ

ಪಕ್ಕದ ಕೋಣೆಯಲ್ಲಿ ಯಾರೋ ಊಟದ ಡಬ್ಬಿ ಬಿಚ್ಚಿದರು. ಶೇಂಗಾ ಹಿಂಡಿಯ, ಅಂದರೆ ನಮ್ಮ ಕಡೆಯ ಚಟ್ನಿಪುಡಿಯ, ವಾಸನೆ ಬಾಗಿಲ ಸಂದಿಯಿಂದ ಬಂತು. ನನ್ನೆದುರು ಮಾನ್ವಿಯ ಹೆಣ್ಣುಮಗಳೊಬ್ಬಳು ನೆಗೆಣ್ಣಿಯ, ಅಂದರೆ ಓರಗಿತ್ತಿಯ, ಜೊತೆಗಿನ ಗೋಡೆಯ ತಕರಾರು ಹೇಳುತ್ತ ಕೂತಿದ್ದಳು. ಮಧ್ಯಾಹ್ನದ ಹೊತ್ತು, ಹಸಿವಾಗಬೇಕಿತ್ತು. ನನಗೆ ನಾಚಿಕೆಯಾಯಿತು. ಹಿಂಡಿಗೂ ನಾಚಿಕೆಗೂ ಏನು ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ.

ನಾನು ರಾಯಚೂರಿನಲ್ಲಿ ವಕೀಲ. ವಾರಕ್ಕೆರಡು ದಿನ ಕೋರ್ಟು ಕಳಿಸಿದ ಕೇಸುಗಳಿಗೆ ಮಧ್ಯಸ್ಥಗಾರ. ಇಲ್ಲಿ ನಾನು ತೀರ್ಪು ಕೊಡುವವನಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತೇನೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತೇನೆ. ಒಬ್ಬರೇ ಇದ್ದಾಗ ಹೇಳಿದ್ದನ್ನು ಅವರು ಹೂಂ ಅನ್ನದೆ ಇನ್ನೊಬ್ಬರ ಕಿವಿಗೆ ಹಾಕುವಂತಿಲ್ಲ. ಒಪ್ಪಿದರೆ ಬರೆದು ಸಹಿ, ಇಲ್ಲವಾದರೆ ಕೇಸು ಮರಳಿ ಕೋರ್ಟಿಗೆ. ಇದರ ಬಗ್ಗೆ ನಾಲ್ಕು ಕಡೆ ಭಾಷಣ ಬಿಗಿದವನು ನಾನು.

ಕೆಲವು ವರ್ಷಗಳ ಹಿಂದೆ ಗಬ್ಬೂರಿನ ಕಡೆಯ ಅಣ್ಣತಮ್ಮಂದಿರು ಬಂದಿದ್ದರು. ಅಣ್ಣನಿಗೆ ತನ್ನ ಹೊಲಕ್ಕೆ ಹೋಗಲು ತಮ್ಮನ ಹೊಲದ ನಡುವೆ ದಾರಿ ಬೇಕು. ಬದುವಿನ ಮೇಲೆ ದಾರಿ ಇದೆಯಲ್ಲ ಎಂದು ತಮ್ಮನ ವಾದ. ಮೂರು ಸಲ ಕೂರಿಸಿದರೂ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಅಣ್ಣನೊಬ್ಬನನ್ನೇ ಕರೆದೆ. ಬಾಗಿಲು ಹಾಕಿದೆಯೇ ಎಂದು ಅವನು ಎರಡೆರಡು ಸಲ ಕೇಳಿದ.

"ನನಗ ಕಣ್ಣು ಸರಿ ಕಾಣಂಗಿಲ್ರಿ ಸಾಹೇಬ್ರ. ಬದುವಿನ ಮ್ಯಾಲೆ ಕಾಲು ತಪ್ಪತದ. ತಮ್ಮಗ ಮಾತ್ರ ಹೇಳಬ್ಯಾಡ್ರಿ. ಇವ ಇನ್ನ ಒಕ್ಕಲುತನಕ್ಕ ಬರಂಗಿಲ್ಲಂತ ಊರೆಲ್ಲ ಮಾತಾಡ್ತದ."

ಗಂಟೆ ಒಂದೂವರೆ ದಾಟಿತ್ತು. ನನ್ನ ಡಬ್ಬಿಯಲ್ಲಿ ರೊಟ್ಟಿ, ಹಿಂಡಿ ಕಾದಿದ್ದವು, ಹೊಟ್ಟೆ ಚುರುಗುಟ್ಟುತ್ತಿತ್ತು. ಇಬ್ಬರನ್ನೂ ಕೂರಿಸಿ ತಮ್ಮನಿಗೆ ಜಾಣನಂತೆ ಹೇಳಿಯೇಬಿಟ್ಟೆ: "ನಿಮ್ಮಣ್ಣಗ ಕಣ್ಣು ಕಾಣಂಗಿಲ್ಲಪ್ಪ. ಬದುವಿನ ಮ್ಯಾಲೆ ಹೆಂಗ ನಡೀಬೇಕು?"

ತಮ್ಮ ಅತ್ತುಬಿಟ್ಟ. "ಮದ್ಲೇ ಹೇಳಬಾರದಾ ಯಣ್ಣಾ," ಎಂದವನು ಅಲ್ಲೇ ದಾರಿ ಬಿಡಲು ಒಪ್ಪಿದ. ಅಣ್ಣ ನನ್ನ ಕಡೆ ಮುಖ ಮಾಡಿ ಮೆಲ್ಲಗೆ, "ನಿಮ್ಮನ್ನ ನಂಬಿ ಹೇಳಿದ್ನೆಲ್ರಿ," ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಬ್ಬೆಟ್ಟೊತ್ತಿ ಎದ್ದು ಹೋದ. ಕೇಸು ಮುಗಿಸಿದ ಖುಷಿಯಲ್ಲಿ ನಾನು ಅವತ್ತು ಒಂದು ರೊಟ್ಟಿ ಹೆಚ್ಚೇ ತಿಂದೆ.

ಮುಂದಿನ ವರ್ಷ ತಮ್ಮ ಬೇರೇನೋ ಕೆಲಸಕ್ಕೆ ಕೋರ್ಟಿಗೆ ಬಂದಿದ್ದ. ದಾರಿ ಹೇಗಿದೆ ಎಂದು ಜಂಬದಿಂದ ಕೇಳಿದೆ.

"ದಾರಿ ಅದ್ರಿ. ಅಣ್ಣ ಅದರಾಗ ಒಂದಿನಾನೂ ಕಾಲಿಟ್ಟಿಲ್ಲ. ನಾನ ಅಳಕೋತ ಮನ್ಯಾಗ ಹೇಳಿದ್ನಿ, ಊರಿಗೆಲ್ಲ ಗೊತ್ತಾತು. ಅವತ್ತು ಮನಿ ಸೇರಿದಾವ ಹೊಲಕ್ಕ ಬಂದೇ ಇಲ್ರಿ."

ಗಬ್ಬೂರಿಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಬಸ್ಸಿಗೇನೂ ಬರವಿಲ್ಲ. ಅವನ ಮುಂದೆ ನಿಲ್ಲುವ ಮುಖವಿರಲಿಲ್ಲ, ಹೋಗಲಿಲ್ಲ.

ಇವತ್ತು ಮಾನ್ವಿಯ ಹೆಣ್ಣುಮಗಳೂ ಒಂದು ಮಾತು ಹೇಳಿ, "ಇದನ್ನ ಆಕಿಗಿ ಹೇಳಬ್ಯಾಡ್ರಿ," ಎಂದಳು. ಏನೆಂದು ನಿಮಗೂ ಹೇಳುವುದಿಲ್ಲ. ನೆಗೆಣ್ಣಿಗೆ ಹೇಳಿದ್ದರೆ ಐದೇ ನಿಮಿಷದಲ್ಲಿ ಜಗಳ ಮುಗಿಯುತ್ತಿತ್ತು.

"ನೀನಾದ್ರೂ ಹೇಳ್ತಿಯೇನವ್ವ?" ಎಂದು ಕೇಳಿದೆ. ಆಗುವುದಿಲ್ಲ ಎಂದು ತಲೆಯಾಡಿಸಿದಳು. ರಾಜಿಯಾಗಲಿಲ್ಲ ಎಂದು ಬರೆದು ಕೇಸನ್ನು ಕೋರ್ಟಿಗೆ ವಾಪಸು ಕಳಿಸಿದೆ. ನಾನು ದೊಡ್ಡ ಮನುಷ್ಯನಾದೆ ಎಂದುಕೊಳ್ಳಬೇಡಿ. ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಕಲಿಯುವಷ್ಟರಲ್ಲಿ ಒಬ್ಬನಿಗೆ ಅವನ ಹೊಲ ತಪ್ಪಿಹೋಗಿತ್ತು.