ಬೂದಿ ತಪ್ಪಲದ ಸೇಡು

ಗೋವೆಯ ಪರ್ವರಿಯ ಆ ಬಂಗಲೆಯಲ್ಲಿ ಸೇಜ್ ಗಿಡಗಳನ್ನು ಸಾಕಿದ್ದು ನಾನು. ಅಡುಗೆಗೆ ಹಾಕುವ ಘಮಘಮ ಸೊಪ್ಪು, ಬೂದಿ ಬಳಿದಂಥ ಬಣ್ಣ. ನಾವು ಕೆಲಸದ ಹೆಂಗಸರು ಅದನ್ನು ಬೂದಿ ತಪ್ಪಲ ಎನ್ನುತ್ತಿದ್ದೆವು. ಮಣ್ಣಿಗೆ ಉಸುಕು ಬೆರೆಸಿ, ತುದಿ ಚಿವುಟಿ, ಅಲ್ಲಿನ ಜಡಿಮಳೆಗೆ ಸಿಗದಂತೆ ಕಾಪಾಡಿದ್ದೆ.

ನನ್ನ ಪಕ್ಕದ ಬಾಡಿಗೆ ಖೋಲಿಯವಳು ನಮ್ಮ ವಿಜಾಪುರದ ಕಡೆಯವಳೇ. ನಾನು ಅಕ್ಕ ಎಂದು ಕರೆಯುತ್ತಿದ್ದೆ. ನನ್ನ ಕೆಲಸದ ಮೇಲೆ ಅವಳ ಕಣ್ಣು ಬಿತ್ತು. ನಾನು ಎಲೆ ಕದ್ದು ಹೋಟೆಲಿನವರಿಗೆ ಕೊಡುತ್ತೇನೆ, ಬಾಯಿ ಬಿಟ್ಟರೆ ಬರೀ ಸುಳ್ಳು ಎಂದು ಮನೆಯೊಡತಿಯ ಕಿವಿ ಊದಿದಳು. ಒಡತಿ ನನ್ನನ್ನು ಒಂದು ಮಾತೂ ಕೇಳದೆ ಬಿಡಿಸಿ ಅವಳನ್ನು ಇಟ್ಟುಕೊಂಡಳು. ನನಗೆ ಬೇರೆ ಕೆಲಸ ಸಿಕ್ಕಿತು. ಸುಳ್ಳುಬುರುಕಿ ಎಂಬ ಹೆಸರು ಮಾತ್ರ ನಮ್ಮ ಖೋಲಿಗಳ ಸಾಲಿಗೆಲ್ಲ ಹಬ್ಬಿತು. ಈ ಹೆಸರನ್ನು ಅವಳ ಬಾಯಿಂದಲೇ ಅಳಿಸಬೇಕು ಎಂದು ಹಟ ತೊಟ್ಟೆ.

ಮಳೆಗಾಲ ಹಿಡಿಯಿತು. ಅಕ್ಕನಿಗೆ ಆ ಗಿಡದ ಗಂಧಗಾಳಿಯೂ ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ನನ್ನ ಬಾಗಿಲಿಗೇ ಬಂದಳು.

“ಬೂದಿ ತಪ್ಪಲಕ್ಕ ಮಳ್ಯಾಗ ಏನ್ ಮಾಡಬೇಕವಾ?”

ಸುಳ್ಳು ಹೇಳಿದ್ದರೆ ಅವಳ ಚಾಡಿಯೇ ನಿಜವಾಗುತ್ತಿತ್ತು. ಇದ್ದದ್ದನ್ನೇ ಹೇಳಿದೆ, ಆದರೆ ಒಂಚೂರು ಜಾಸ್ತಿಯೇ ನಗುತ್ತ. “ಕುಂಡ ಸಜ್ಜಾದ ಕೆಳಗ ಸರಿಸಿ ಇಡಕ್ಕಾ. ಮಣ್ಣ ಒಣಗೂತನಕ ಒಂದ್ ಹನಿ ನೀರ್ ಹಾಕಬ್ಯಾಡ.”

ಆ ನಗು ನೋಡಿ ಅವಳ ಕಣ್ಣು ಕಿರಿದಾಯಿತು. ಸೇಡಿಗೆ ಬಿದ್ದು ಉಲ್ಟಾ ಹೇಳುತ್ತಿದ್ದೇನೆ ಎಂದುಕೊಂಡಳು. ಹಾಗೆ ಅಂದುಕೊಳ್ಳಲಿ ಎಂದೇ ನಾನು ನಕ್ಕಿದ್ದು. ಕುಂಡಗಳನ್ನು ಮಳೆಯಲ್ಲೇ ಬಿಟ್ಟಳು. ಮಳೆ ನಿಂತ ದಿನ ತುಳಸಿಗೆ ಹಾಕುವಂತೆ ತಂಬಿಗೆ ತುಂಬ ನೀರು ಸುರಿದಳು. ಬೇರು ಕೊಳೆತು, ಗಿಡಗಳೆಲ್ಲ ಕಪ್ಪಾಗಿ ಕುಸಿದವು. ನಾನೇ ತಪ್ಪು ಹೇಳಿಕೊಟ್ಟೆ ಎಂದು ಒಡತಿಯ ಮುಂದೆ ಅತ್ತಳಂತೆ.

ಒಡತಿ ಹೇಳಿಕಳಿಸಿದಳು. ಹೋದೆ. ಅಕ್ಕನ ಎದುರಿಗೆ ನಿಂತು ಕೇಳಿದೆ: “ಎಲ್ಲವ್ವನ ಆಣಿ ಮಾಡಿ ಹೇಳು. ನೀರ್ ಹಾಕಂದಿದ್ನೋ, ಬ್ಯಾಡಂದಿದ್ನೋ?”

ಎಲ್ಲವ್ವನ ಆಣೆ ಇಟ್ಟು ಸುಳ್ಳಾಡಲು ನಮ್ಮ ಕಡೆ ಕಳ್ಳರೂ ಹೆದರುತ್ತಾರೆ. ಅಕ್ಕ ಸೆರಗು ಹಿಂಡುತ್ತ ಒಡತಿಗೆ ಹಿಂದಿಯಲ್ಲಿ, “ಬರಾಬರ್ ಬೋಲೀ ಥೀ,” ಎಂದಳು, ಸರಿಯಾಗಿಯೇ ಹೇಳಿದ್ದಳು ಅಂತ.

ನಾಳೆಯಿಂದ ನೀನೇ ಬಾ ಎಂದಳು ಒಡತಿ. ಬರುವುದಿಲ್ಲ ಎಂದೆ. ಅಕ್ಕನ ರಟ್ಟೆ ಹಿಡಿದು ನಮ್ಮ ಸಾಲಿನ ನಲ್ಲಿಯವರೆಗೆ ಕರೆತಂದೆ. ನೀರು ಬರುವ ಹೊತ್ತು. ಕೊಡ ಹಿಡಿದು ಎಲ್ಲರೂ ನಿಂತಿದ್ದರು.

“ಅಲ್ಲಿ ಹಿಂದಿಯಾಗ ಹೇಳಿದಿಯಲ್ಲ,” ಎಂದೆ. “ಈಗ ಕನ್ನಡದಾಗ ಹೇಳು.”