ಲದ್ದಿ ಮುಟ್ಟಿ ನೋಡುವ ಜಬ್ಬಾರ್

ಆಲೂರಿನ ಜಬ್ಬಾರ್ ಆನೆಯ ಲದ್ದಿಯನ್ನು ಬರಿಗೈಯಲ್ಲಿ ಮುಟ್ಟಿ ನೋಡುವ ಮನುಷ್ಯ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಕಾಫಿ ಹಣ್ಣು ಕೊಯ್ಯುವ ತಿಂಗಳುಗಳಲ್ಲಿ, ಮುಂದಿನ ಮರವೇ ಕಾಣದ ಮಂಜಿನಲ್ಲಿ, ಹಳ್ಳಿಯ ಹೆಂಗಸರನ್ನು ಜೀಪಿಗೆ ಹತ್ತಿಸಿಕೊಂಡು ಕುಂದೂರಿನ ಮೇಲಿನ ಎಸ್ಟೇಟಿಗೆ ಬಿಟ್ಟು ಬರುವುದು ಅವನ ಕೆಲಸ. ತಿರುವಿನಾಚೆ ಆನೆ ಇದೆಯೋ ಇಲ್ಲವೋ ಎಂದು ಹೇಳಲು ಆ ದಾರಿಯಲ್ಲಿ ಲದ್ದಿಗಿಂತ ಸತ್ಯವಂತ ಸಾಕ್ಷಿ ಸಿಕ್ಕುವುದಿಲ್ಲ. ಬಿಸಿಯಿದ್ದರೆ ಆನೆ ಇಲ್ಲೇ ಎಲ್ಲೋ ಇದೆ, ತಣ್ಣಗಿದ್ದರೆ ದಾಟಿ ಹೋಗಿದೆ.

ಹಾಗಂತ ಅವನ ಬಳಿ ಮೊಬೈಲ್ ಇಲ್ಲವೆಂದಲ್ಲ. ಆನೆ ಇಂಥ ಕಡೆ ಇದೆ ಎಂದು ಅರಣ್ಯ ಇಲಾಖೆಯ ಮೆಸೇಜು ಬರುತ್ತದೆ. ತೊಂದರೆ ಅದರದ್ದಲ್ಲ, ಊರ ವಾಟ್ಸಾಪ್ ಗುಂಪಿನ ಪುಣ್ಯಾತ್ಮರದ್ದು. ಅವರು ಮೊನ್ನೆಯ ಮೆಸೇಜನ್ನು ಇವತ್ತಿನದೆಂದು ಮುಂದಕ್ಕೆ ತಳ್ಳುತ್ತಾರೆ. ಹಿಂದೊಮ್ಮೆ ಅಂಥದ್ದನ್ನೇ ನಂಬಿ, ಆನೆ ಆಚೆ ಗುಡ್ಡದಲ್ಲಿದೆ ಎಂದು ಧೈರ್ಯವಾಗಿ ಹೊರಟವನಿಗೆ ತಿರುವಿನಲ್ಲಿ ಒಂಟಿ ಸಲಗವೇ ಎದುರು ನಿಂತಿತ್ತು. ಹೆಂಗಸರ ಕೂಗಾಟದ ನಡುವೆ ಜೀಪನ್ನು ಹಿಂದುಹಿಂದಕ್ಕೇ ಓಡಿಸಿಕೊಂಡು ಬಂದು ಜೀವ ಉಳಿಸಿಕೊಂಡ. ಅಂದಿನಿಂದ ಅವನದೊಂದು ಮಾತಿದೆ. "ಮೆಸೇಜಿಗೆ ಕಾಲಿಲ್ಲ ಕಣ್ರವ್ವ. ಕಾಲಿರೋದು ಗುರ್ತು ಬಿಟ್ಟೇ ಹೋಗ್ತೈತೆ. ಇಳ್ದು ನೋಡ್ಬೇಕು."

ದಿನಾ ಚಳಿಯಲ್ಲಿ ಜೀಪು ನಿಲ್ಲಿಸಿ ಇಳಿದು ನೋಡುವ ಈ ಸಂಪ್ರದಾಯಕ್ಕೆ ಹೆಂಗಸರು ಬೈಯದ ದಿನವಿಲ್ಲ. ಎಲ್ಲರಿಗಿಂತ ಹೆಚ್ಚು ಬೈಯುವವಳು ಭದ್ರಮ್ಮ. ವಯಸ್ಸಿನಲ್ಲಿ ಎಲ್ಲರಿಗೂ ದೊಡ್ಡವಳು, ಮಂಡಿನೋವಿನವಳು. ಆ ಎರಡು ಅರ್ಹತೆಯ ಮೇಲೆ ಡ್ರೈವರ್ ಪಕ್ಕದ ಸೀಟು ಅವಳದು. ಸೀಟು ಅವಳದಾದರೂ ಒಬ್ಬಳದೇ ಅಲ್ಲ. ಅವಳ ಜೊತೆ ಇನ್ನಿಬ್ಬರು ತುರುಕಿಕೊಂಡಿರುತ್ತಾರೆ. ಹಿಂದೆ ಉಳಿದವರು ಒಬ್ಬರ ತೊಡೆಯ ಮೇಲೊಬ್ಬರು. ಜೀಪಿಗೆ ಪರ್ಮಿಟ್ ಇರುವುದು ಎಷ್ಟು ಜನಕ್ಕೆ, ಕೂರುವುದು ಎಷ್ಟು ಜನ ಎಂದು ಜಬ್ಬಾರನನ್ನು ಕೇಳಬಾರದು. ಕೇಳಿದರೆ ಕೆಮ್ಮು ಬರುತ್ತದೆ.

ಆ ಸೋಮವಾರ ಎಂದಿನಂತೆ ಲದ್ದಿ ನೋಡಲು ಜೋಡಿಮರದ ತಿರುವಿನಲ್ಲಿ ಜೀಪು ನಿಂತಿತು. ಆ ದಾರಿಯಲ್ಲಿ ಸಿಗ್ನಲ್ ಸಿಕ್ಕುವುದು ಅಲ್ಲಿ ಮಾತ್ರ. ಮೊಬೈಲು ಟಿಣ್ ಎಂದಿತು. ಆನೆಯ ಸುದ್ದಿ ಇರಬೇಕೆಂದು ನೋಡಿದರೆ ಇಮೇಲು. ಮೇಲ್ಗಡೆ ಸರ್ಕಾರದ ಮುದ್ರೆ, ಕೆಳಗೆ ಸಾರಿಗೆ ಇಲಾಖೆ ಎಂಬ ಹೆಸರು. ನಿಮ್ಮ ವಾಹನದಲ್ಲಿ ಮಿತಿ ಮೀರಿ ಜನರನ್ನು ಸಾಗಿಸಿರುವುದು ಸಾಬೀತಾಗಿದೆ, ಇಂದು ಮಧ್ಯಾಹ್ನ ಹನ್ನೆರಡರೊಳಗೆ ಕೆಳಗಿನ ಲಿಂಕಿನಲ್ಲಿ ದಂಡ ಕಟ್ಟದಿದ್ದರೆ ಪರ್ಮಿಟ್ ರದ್ದಾಗಿ ವಾಹನ ಜಪ್ತಿಯಾಗುತ್ತದೆ ಎಂದು ಬರೆದಿತ್ತು.

ಜಬ್ಬಾರ್ ತಿರುಗಿ ಹಿಂದಿನ ಸೀಟು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನ ಹೆಗಲ ಮೇಲಂತೂ ಕುಂಬಳಕಾಯಿ ನಿಜವಾಗಿಯೂ ಇತ್ತು, ಹಿಂದಿನ ಸೀಟಿನಲ್ಲಿ ಕುಳಿತು ಎಲೆಅಡಿಕೆ ಅಗಿಯುತ್ತಿತ್ತು. ಜೀಪು ಹೋದರೆ ಮನೆ ನಡೆಯುವುದಿಲ್ಲ. ಹೆಂಡತಿ ಬಿಲ್ಕಿಸ್‌ಗೆ ಏನು ಹೇಳುವುದು? ಯೋಚನೆ ಮಾಡಲು ಅವನು ತಡೆಯಲೂ ಇಲ್ಲ. ಲಿಂಕು ಒತ್ತಿದ. ಅದೇ ಮುದ್ರೆಯ ಪುಟ ತೆರೆದು, ಬ್ಯಾಂಕ್ ಕಾರ್ಡಿನ ನಂಬರ್ ಹಾಕಿ, ಪಿನ್ ಹಾಕಿ ಎಂದು ಕೇಳಿತು. ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಅಂಕಿ ಒತ್ತತೊಡಗಿದ. ಆ ಖಾತೆಯಲ್ಲಿದ್ದದ್ದು ಮಗಳು ಜಬೀನ್‌ಳ ನರ್ಸಿಂಗ್ ಕಾಲೇಜಿನ ಫೀಸು. ಇದೇ ವಾರ ಕಟ್ಟಬೇಕಾದದ್ದು.

ಪಕ್ಕದಲ್ಲಿದ್ದ ಭದ್ರಮ್ಮ ಅವನು ಕಾರ್ಡು ನೋಡಿ ನೋಡಿ ಒತ್ತುವುದನ್ನು ಗಮನಿಸಿದಳು.

"ಯಾಕ್ಲಾ ಜಬ್ಬಾರ, ಆನೆ ಮೆಸೇಜಾ?"

"ಆನೆಗಿಂತ ದೊಡ್ಡದು ಬಂದೈತೆ ಅಕ್ಕ. ಜೀಪ್ ಎಳ್ಕಂಡೋಯ್ತಾರಂತೆ."

"ಯಾರು?"

"ಸರ್ಕಾರ್ದೋರು. ಮಧ್ಯಾನದೊಳ್ಗೆ ದುಡ್ಡು ಕಟ್ಬೇಕಂತೆ."

ಭದ್ರಮ್ಮ ಸೆರಗು ಹೊದ್ದುಕೊಂಡು ಹೊರಗಿನ ಮಂಜನ್ನೊಮ್ಮೆ ನೋಡಿದಳು. "ಇಳ್ದು ನೋಡ್ದ್ಯಾ?" ಎಂದಳು.

"ಇದ್ರಾಗೆ ಇಳ್ದು ನೋಡಾದೇನೈತೆ ಅಕ್ಕ?"

"ನಂಗೇನ್ ಗೊತ್ತು? ನೀನೇ ತಾನೆ ಹೇಳಾದು, ಮೆಸೇಜಿಗೆ ಕಾಲಿಲ್ಲ ಅಂತ. ದಿನಾ ನಮ್ನ ಚಳೀಲಿ ಕುಂಡ್ರಿಸ್ಕಂಡು ಲದ್ದಿ ಮುಟ್ತೀಯ. ಇವತ್ತು ಯಾವನೋ ಏನೋ ಬರ್ದ ಅಂದೇಟ್ಗೆ ಕಾರ್ಡ್ ತಗ್ದ್‌ಬುಟ್ಟೆ."

ಜಬ್ಬಾರನ ಬೆರಳು ನಿಂತಿತು. ಅವಳ ಮಾತಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

"ಅದ್ರಾಗೆ ನಿನ್ ಹೆಸ್ರೈತಾ?" ಎಂದು ಭದ್ರಮ್ಮ ಕೇಳಿದಳು.

ಅವನು ಮತ್ತೆ ಓದಿದ. 'ಪ್ರಿಯ ವಾಹನ ಮಾಲೀಕರೇ' ಎಂದಿತ್ತು.

"ಹೆಸ್ರಿಲ್ಲ."

"ಜೀಪಿನ ನಂಬ್ರು?"

ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಅದೂ ಇರಲಿಲ್ಲ.

"ಒಂದ್ ಚೀಲ ಹಣ್ಣು ತೂಕ ಹಾಕ್ಬೇಕಾದ್ರೂ ನಮ್ ಎಸ್ಟೇಟಲ್ಲಿ ಲೆಕ್ಕ ಬರ್ಯೋ ರೈಟ್ರು ಯಾರ್ದು ಅಂತ ಹೆಸ್ರು ಕೇಳಿ ಬರ್ಕತಾರೆ. ಅಷ್ಟ್ ದೊಡ್ಡ ಸರ್ಕಾರ್ದೋರು ಯಾರ್ ಜೀಪು ಅಂತ ಗೊತ್ತಿಲ್ದೆ ಎಳ್ಕಂಡೋಯ್ತಾರಾ?"

ಹೆಜ್ಜೆಗುರುತು ಹುಡುಕುವ ಕಣ್ಣಿನಿಂದ ಈಗ ಅವನು ನಿಜವಾಗಿ ನೋಡಿದ. ಕಳಿಸಿದವರ ಹೆಸರು ಸಾರಿಗೆ ಇಲಾಖೆ. ಆ ಹೆಸರನ್ನು ಒತ್ತಿದರೆ ಅದರಡಿ ಬಂದ ವಿಳಾಸ ಇಲಾಖೆಯದ್ದಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಅಕ್ಷರ, ಅಂಕಿಗಳ ರಾಶಿ. ಆನೆಯ ಸುದ್ದಿ ಬಂದ ಕಡೆ ನಾಯಿಯ ಹೆಜ್ಜೆ ಕಂಡಂತಿತ್ತು. ಆ ಪುಟವನ್ನು ಮುಚ್ಚಿದ. ಆದರೂ ಹೆದರಿಕೆ ಹೋಗಲಿಲ್ಲ. ಇಮೇಲು ಸುಳ್ಳೇ ಇರಬಹುದು, ಮಾಡಿದ ತಪ್ಪು ಸುಳ್ಳಲ್ಲವಲ್ಲ. ಅಕಸ್ಮಾತ್ ನಿಜವಾಗಿಬಿಟ್ಟರೆ?

"ಅನುಮಾನ ಇದ್ರೆ ಆಪೀಸಿಗೇ ಹೋಗ್ ಕೇಳು ಮಾರಾಯ," ಎಂದಳು ಭದ್ರಮ್ಮ. "ಅವ್ರು ತೋರ್ಸಿದ್ ದಾರೀಲಿ ಹೋಗ್ಬ್ಯಾಡ. ನಿಂಗೊತ್ತಿರೋ ದಾರೀಲಿ ಹೋಗು."

ಹೆಂಗಸರನ್ನು ಎಸ್ಟೇಟಿನ ಸ್ಟೋರ್ ಮುಂದೆ ಇಳಿಸಿ ಜಬ್ಬಾರ್ ನೇರ ಸಕಲೇಶಪುರದ ಆರ್‌ಟಿಒ ಕಚೇರಿಗೆ ಹೋದ. ಜೀಪನ್ನು ಕಚೇರಿಯ ಮುಂದೆ ನಿಲ್ಲಿಸುವ ಧೈರ್ಯವಾಗದೆ ಎರಡು ಬೀದಿ ಆಚೆ ಒಂದು ಲಾರಿಯ ಮರೆಯಲ್ಲಿ ನಿಲ್ಲಿಸಿದ. ಆ ಕ್ಷಣದಲ್ಲಿ ಜೀಪನ್ನು ಬಚ್ಚಿಟ್ಟರೆ ಕಾನೂನಿಗೆ ಕಾಣುವುದಿಲ್ಲವೆಂದು ಅವನ ಲೆಕ್ಕ. ಒಳಗೆ ಕೌಂಟರಿನಲ್ಲಿದ್ದ ಹೆಣ್ಣುಮಗಳು ಇಮೇಲಿನ ಮೇಲೆ ಒಮ್ಮೆ ಕಣ್ಣಾಡಿಸಿ, ಜೀಪಿನ ನಂಬರ್ ಕೇಳಿ ಕಂಪ್ಯೂಟರಿನಲ್ಲಿ ಒತ್ತಿದಳು. ಅವಳು ಪರದೆ ನೋಡುವಷ್ಟು ಹೊತ್ತು ಜಬ್ಬಾರ್ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ನಿಮ್ಮ ಗಾಡಿ ಮೇಲೆ ಯಾವ ಕೇಸೂ ಇಲ್ಲ. ಇದು ನಮ್ಮದಲ್ಲ," ಎಂದಳು ಅವಳು. "ಕಾರ್ಡ್ ನಂಬರ್, ಪಿನ್ನು, ಓಟಿಪಿ ಏನಾದ್ರೂ ಕೊಟ್ರಾ?"

"ಅರ್ಧ ಒತ್ತಿದ್ದೆ ಮೇಡಂ, ಕಳ್ಸಿರ್ಲಿಲ್ಲ."

"ಪಿನ್ನು ಯಾವ ಇಲಾಖೆಯೂ ಕೇಳಲ್ಲ. ಅರ್ಧ ಒತ್ತಿದ್ರೂ ಒಂದ್ಸಲ ಬ್ಯಾಂಕಿಗೆ ಹೋಗಿ ಹೇಳ್ಬಿಡಿ. ಇನ್ಮೇಲೆ ಹೀಗೆ ಬಂದ್ರೆ ಲಿಂಕ್ ಮುಟ್ಬೇಡಿ. ದುಡ್ಡೇನಾದ್ರೂ ಹೋದ್ರೆ ತಡ ಮಾಡ್ದೆ ೧೯೩೦ಕ್ಕೆ ಫೋನ್ ಮಾಡಿ, ಇಂಥ ಮೋಸಕ್ಕೇ ಇರೋ ಸಹಾಯವಾಣಿ ಅದು."

ಬ್ಯಾಂಕಿನಲ್ಲಿ ಖಾತೆ ನೋಡಿದರು. ಜಬೀನ್‌ಳ ಫೀಸು ಇಟ್ಟಲ್ಲೇ ಇತ್ತು. ಕಾರ್ಡಿನ ಪಿನ್ನನ್ನೂ ಬದಲಿಸಿಕೊಟ್ಟರು. ಹೊರಗೆ ಬಂದ ಜಬ್ಬಾರ್ ಮೆಟ್ಟಿಲ ಮೇಲೇ ಕುಳಿತುಬಿಟ್ಟ. ಹೋದ ಜೀವ ಬಂದಂತಾಗಿತ್ತು. ಬಿಲ್ಕಿಸ್‌ಗೆ ಫೋನ್ ಮಾಡಿ ಎಲ್ಲ ಹೇಳಿದ. ಅವಳು ಮೊದಲು ದೇವರನ್ನು ನೆನೆದಳು, ಆಮೇಲೆ ಗಂಡನನ್ನು ಬೈದಳು, ಕೊನೆಗೆ ಭದ್ರಮ್ಮಕ್ಕನಿಗೆ ಸಂಜೆ ಏನಾದರೂ ತೆಗೆದುಕೊಂಡು ಹೋಗಿ ಎಂದಳು. ಆ ಬೈಗುಳವೂ ಆ ಹೊತ್ತಿಗೆ ಅವನಿಗೆ ಹಿತವಾಗಿತ್ತು.

ಸಂಜೆ ಎಸ್ಟೇಟಿನ ಗೇಟಿನಲ್ಲಿ ಬಿಸಿ ಬೋಂಡದ ಪೊಟ್ಟಣ ಭದ್ರಮ್ಮನ ಕೈಗಿಟ್ಟ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, "ಏನಾಯ್ತು, ಬಿಸಿಯಾಗಿತ್ತಾ ತಣ್ಣಗಿತ್ತಾ?" ಎಂದು ಕೇಳಿದಳು.

"ಲದ್ದೀನೇ ಇರ್ಲಿಲ್ಲ ಅಕ್ಕ. ಆನೇನೂ ಇರ್ಲಿಲ್ಲ."

ಎಲ್ಲರೂ ನಕ್ಕರು. ಎಂದಿನಂತೆ ಎಲ್ಲರೂ ಒಟ್ಟಿಗೆ ಹತ್ತಲು ಹೊರಟಾಗ ಜಬ್ಬಾರ್ ಬಾಗಿಲಿಗೆ ಕೈ ಅಡ್ಡ ಹಿಡಿದ. ಅರ್ಧ ಜನ ಮೊದಲು, ಉಳಿದವರು ಎರಡನೇ ಟ್ರಿಪ್ಪಿಗೆ ಎಂದ. ಕಾಯಬೇಕಾದವರು ಗೊಣಗಿದರು, ಡೀಸೆಲ್ ಏನು ನಿಮ್ಮಪ್ಪ ಹಾಕುತ್ತಾನಾ ಎಂದು ಒಬ್ಬಳು ಕೇಳಿದಳು. ಅವನು ಕೆಮ್ಮಲಿಲ್ಲ. "ಕಳ್ಳ ಹೇಳಿದ್ದು ಸುಳ್ಳೇ ಕಣ್ರವ್ವ, ಆದ್ರೆ ನಾನು ಹೆದ್ರಿದ್ದು ಸುಳ್ಳಲ್ಲ. ಇನ್ನೊಂದ್ಸಲ ಹಂಗೆ ಹೆದ್ರೋಕೆ ನಂಗಾಗಲ್ಲ," ಎಂದ.

ಭದ್ರಮ್ಮ ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತು, ಎಷ್ಟೋ ದಿನದ ಮೇಲೆ ಮಂಡಿ ಬಿಡಿಸಿ ಕಾಲು ಚಾಚಿದಳು. "ನಿನ್ ದುಡ್ಡು ತಿನ್ನಕ್ ಬಂದೋನು ನನ್ ಕಾಲಿಗೆ ಜಾಗ ಮಾಡಿ ಹೋಗ್ಬುಟ್ಟ," ಎಂದಳು.

ಕುಂದೂರಿನ ಹತ್ತಿರ ಎದುರಿನಿಂದ ಪೊಲೀಸ್ ಜೀಪು ಬಂತು. ಇಷ್ಟು ವರ್ಷ ಅದನ್ನು ಕಂಡಾಗಲೆಲ್ಲ ಗದ್ದೆಯ ಕಡೆ ಮುಖ ತಿರುಗಿಸುತ್ತಿದ್ದ ಜಬ್ಬಾರ್ ಅಂದು ಮೊದಲ ಸಲ ಅದರೊಳಗಿದ್ದವರ ಮುಖ ನೋಡಿ, ಕೈಯೆತ್ತಿ ಸಲಾಮ್ ಮಾಡಿ ಮುಂದೆ ಹೋದ.